ಮಕ್ಕಳ ಜೊತೆ ವೇಕ್ ಕೌಂಟಿಗೆ ಬರುವ ಮುಂಚೆ: ಸರ್ಕಾರಿ ಶಾಲೆ ನೋಡುವ ಬಗೆ

ನಾವಿರುವುದು ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದ ವೇಕ್ ಕೌಂಟಿಯಲ್ಲಿ, ರಾಲಿ ನಗರ ಇರುವುದು ಇಲ್ಲೇ. ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ. ತಿಂಗಳಿಗೆ ಒಂದಾದರೂ ಫೋನ್ ಬರುತ್ತದೆ. "ಅಕ್ಕಾ, ನಮಗೆ ರಾಲಿ ಕಡೆ ಕೆಲಸ ಸಿಕ್ಕಿದೆ. ವೇಕ್ ಕೌಂಟಿ ಸ್ಕೂಲ್ ಚೆನ್ನಾಗಿದೆಯಂತೆ, ಹೌದಾ?" ನಾನು ಮೊದಲು ಕೇಳುವುದು "ಮನೆ ನಂಬರ್ ಎಷ್ಟು?" ಅಂತ. ಬಹಳ ಮಂದಿ ಇನ್ನೂ ಮನೆಯನ್ನೇ ನೋಡಿರುವುದಿಲ್ಲ. ಆದರೆ ಅಮೆರಿಕದಲ್ಲಿ ಮಗುವಿಗೆ ಸರ್ಕಾರಿ ಶಾಲೆ ಸಿಗುವುದು ಮನೆ ನಂಬರಿನ ಮೇಲೆ. ಕೌಂಟಿ ಹೆಸರು ಎಷ್ಟೇ ದೊಡ್ಡದಿರಲಿ, ನಿಮ್ಮ ಮಗು ದಿನಾ ಹೋಗುವುದು ಒಂದು ಶಾಲೆಗೆ, ಕೂರುವುದು ಒಬ್ಬ ಟೀಚರ್ ಮುಂದೆ.

ಇದನ್ನು ನಾನು ಕಷ್ಟಪಟ್ಟು ಕಲಿತೆ. ನಾರ್ತ್ ಕ್ಯಾರೊಲಿನಾಗೆ ಬರುವ ಮುಂಚೆ ನಾವು ಬೇರೆ ರಾಜ್ಯದಲ್ಲಿದ್ದೆವು. ಅಲ್ಲಿ ಒಂದು ಶಾಲೆಗೆ ಹತ್ತಕ್ಕೆ 9 ರೇಟಿಂಗ್ ಇದೆ ಎಂದು ಅದರ ಎದುರಿಗೇ ಬಾಡಿಗೆ ಮನೆ ಹಿಡಿದೆವು. ಮಗಳಿಗೆ ಆರು ವರ್ಷ. ಶಾಲೆಯ ಗುರುತು ಗೂಬೆ ಅಂತ ಗೊತ್ತಾಗಿ ಬ್ಯಾಗಿಗೆ ಗೂಬೆಯ ಕೀಚೈನ್ ಸಿಕ್ಕಿಸಿಕೊಂಡಿದ್ದಳು. ಸೇರಿಸಲು ಹೋದ ದಿನ ಗೊತ್ತಾಯಿತು, ಆ ಶಾಲೆಯ ವ್ಯಾಪ್ತಿಯ ಗಡಿ ನಮ್ಮ ರಸ್ತೆಯ ಮಧ್ಯದಲ್ಲೇ ಹಾದು ಹೋಗುತ್ತದೆ, ನಮ್ಮ ಕಡೆಯ ಮನೆಗಳು ಬೇರೆ ಶಾಲೆಗೆ ಸೇರಿದವು. ಒಂದು ವರ್ಷದ ಲೀಸ್‌ಗೆ ಸಹಿ ಹಾಕಿ ಆಗಿತ್ತು. ಅವಳು ಬಸ್ಸಲ್ಲಿ ನಲವತ್ತು ನಿಮಿಷ ಹೋಗಬೇಕಾಯಿತು. ಮೊದಲ ವಾರವೇ ಆ ಕೀಚೈನ್ ತೆಗೆದು ಡ್ರಾಯರಿಗೆ ಹಾಕಿದಳು. ಏನೂ ಹೇಳಲಿಲ್ಲ. ನನಗೆ ಅದು ಇವತ್ತಿಗೂ ಚುಚ್ಚುತ್ತದೆ.

ನಮಗೆ ಊರಿನ ಅಭ್ಯಾಸ ಒಂದಿದೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಕೂಡಲೇ ಯಾವ ಜಿಲ್ಲೆ ಮೊದಲು ಅಂತ ನೋಡುತ್ತೇವೆ. 2024ರಲ್ಲಿ ಉಡುಪಿ ಮೊದಲು, ಯಾದಗಿರಿ ಕೊನೆ. ಆದರೆ ಉಡುಪಿಯ ಎಲ್ಲ ಶಾಲೆಯೂ ಒಂದೇ ಥರ ಇರುವುದಿಲ್ಲ ಅಲ್ವಾ? ಯಾದಗಿರಿಯಲ್ಲಿ ಜೀವ ತೇಯ್ದು ಪಾಠ ಹೇಳುವ ಮೇಷ್ಟ್ರಿಲ್ಲವಾ? ಕೌಂಟಿಗೂ ಅದೇ ಮಾತು.

ಹಾಗಾಗಿ ಮೊದಲು ತಿಳಿಯಬೇಕಾದ್ದು, ಕೌಂಟಿಯೂ ಶಾಲಾ ಡಿಸ್ಟ್ರಿಕ್ಟೂ ಒಂದೇನಾ ಅಂತ. ಡಿಸ್ಟ್ರಿಕ್ಟ್ ಅಂದರೆ ಇಲ್ಲಿ ಜಿಲ್ಲೆಯಲ್ಲ, ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತ. ಮೇರಿಲ್ಯಾಂಡ್, ಫ್ಲಾರಿಡಾದಲ್ಲಿ ಕೌಂಟಿಗೆ ಒಂದು ಡಿಸ್ಟ್ರಿಕ್ಟ್. ಟೆಕ್ಸಸ್, ನ್ಯೂಜೆರ್ಸಿಯಲ್ಲಿ ಒಂದೇ ಕೌಂಟಿಯೊಳಗೆ ಹಲವು. ನಾರ್ತ್ ಕ್ಯಾರೊಲಿನಾದಲ್ಲಿ 100 ಕೌಂಟಿ, 115 ಡಿಸ್ಟ್ರಿಕ್ಟ್. ಉದಾಹರಣೆಗೆ ಹತ್ತಿರದ ಆರೆಂಜ್ ಕೌಂಟಿಯಲ್ಲಿ ಎರಡಿವೆ: ಆರೆಂಜ್ ಕೌಂಟಿಯದು ಒಂದು, ಚಾಪೆಲ್ ಹಿಲ್-ಕಾರ್ಬರೊದ್ದು ಇನ್ನೊಂದು. ಎರಡನೆಯದರ ವ್ಯಾಪ್ತಿಯಲ್ಲಿ ಮನೆ ಇದ್ದರೆ ಶಾಲೆಗೆಂದೇ ಬೇರೆ ತೆರಿಗೆಯೂ ಇದೆ. ವೇಕ್‌ನಲ್ಲಿ ರಾಲಿ ನಗರದ ಶಾಲೆಗಳೂ ಕೌಂಟಿಯ ಶಾಲೆಗಳೂ 1976ರಲ್ಲೇ ಒಂದಾದವು. ಅದಕ್ಕೇ ಇದು ರಾಜ್ಯದಲ್ಲೇ ದೊಡ್ಡ ಡಿಸ್ಟ್ರಿಕ್ಟ್.

ಇಲ್ಲಿ ನಮ್ಮವರು ಜಾಸ್ತಿ ಎಡವುವುದು "ಕ್ಯಾರಿ" ಎಂಬ ವಿಳಾಸದಲ್ಲಿ. ಕ್ಯಾರಿ ಊರಿನ ಹೆಚ್ಚು ಭಾಗ ವೇಕ್ ಕೌಂಟಿಯಲ್ಲಿದೆ, ಪಶ್ಚಿಮದ ಕಡೆ ಒಂದಿಷ್ಟು ಚಾಟಮ್ ಕೌಂಟಿಗೆ ಸೇರಿದೆ. ಮೋರಿಸ್‌ವಿಲ್‌ನ ಒಂದು ತುಂಡು ಡರಮ್ ಕೌಂಟಿಯಲ್ಲಿದೆ. ಮನೆ ಮಾರುವವರ ಜಾಹೀರಾತಿನಲ್ಲಿ "ಕ್ಯಾರಿ" ಅಂತಲೇ ಇರುತ್ತದೆ, ಅದು ಸುಳ್ಳೂ ಅಲ್ಲ. ಆದರೆ ಮನೆ ಆ ತುಂಡಿನಲ್ಲಿದ್ದರೆ ಮಗು ಹೋಗುವ ಡಿಸ್ಟ್ರಿಕ್ಟ್ ಬೇರೆ.

ಇದಕ್ಕೆ ದಾರಿ ಸುಲಭ. ಡಿಸ್ಟ್ರಿಕ್ಟ್ ವೆಬ್‌ಸೈಟಿನಲ್ಲಿ ವಿಳಾಸ ಹಾಕಿ ಹುಡುಕುವ ಪುಟ ಇರುತ್ತದೆ. ಮನೆ ನಂಬರ್, ಬೀದಿ ಹೆಸರು ಹಾಕಿದರೆ ನಿಮ್ಮ ಬೇಸ್ ಸ್ಕೂಲ್, ಅಂದರೆ ಆ ವಿಳಾಸಕ್ಕೆ ಗೊತ್ತು ಮಾಡಿದ ಶಾಲೆ, ಯಾವುದು ಎಂದು ತೋರಿಸುತ್ತದೆ: ಎಲಿಮೆಂಟರಿ, ಮಿಡಲ್, ಹೈಸ್ಕೂಲ್ ಮೂರೂ. ಮನೆ ಮಾರುವ ಸೈಟುಗಳಲ್ಲಿ ಕಾಣುವ ಶಾಲೆಯ ಹೆಸರನ್ನು ಮಾತ್ರ ನಂಬಬೇಡಿ.

ಅಲ್ಲಿಗೂ ಮುಗಿಯಲಿಲ್ಲ. ವೇಕ್‌ನಲ್ಲಿ ಜನ ಬಂದು ಸೇರುತ್ತಲೇ ಇದ್ದಾರೆ, ಕೆಲವು ಶಾಲೆ ತುಂಬಿ ಹೋಗಿವೆ. ಅಂಥ ಶಾಲೆಗೆ "ಕ್ಯಾಪ್", ಅಂದರೆ ಮಕ್ಕಳ ಸಂಖ್ಯೆಗೆ ಮಿತಿ, ಹಾಕುತ್ತಾರೆ. ಆಮೇಲೆ ಬಂದವರ ಮನೆ ಶಾಲೆಯ ಪಕ್ಕದಲ್ಲೇ ಇದ್ದರೂ ಮಗುವನ್ನು "ಓವರ್‌ಫ್ಲೋ" ಶಾಲೆಗೆ ಕಳಿಸುತ್ತಾರೆ. ಅದಕ್ಕೇ ಲೀಸ್‌ಗೆ ಸಹಿ ಹಾಕುವ ಮುಂಚೆ ಶಾಲೆಗೇ ಫೋನ್ ಮಾಡಿ, ದಾಖಲಾತಿ ನೋಡಿಕೊಳ್ಳುವವರನ್ನು ಕೇಳಿ. ಇಲ್ಲಿ ಅವರಿಗೆ ಡೇಟಾ ಮ್ಯಾನೇಜರ್ ಅನ್ನುತ್ತಾರೆ. "ನಮ್ಮ ಮಗು ಇಂಥ ತಿಂಗಳು ಇಂಥ ತರಗತಿಗೆ ಬರುತ್ತದೆ, ಜಾಗ ಇದೆಯಾ? ಇಲ್ಲದಿದ್ದರೆ ಯಾವ ಶಾಲೆ, ಬಸ್ ಇದೆಯಾ, ಜಾಗ ಆದಾಗ ವಾಪಸ್ ಬರಬಹುದಾ?" ಐದು ನಿಮಿಷದ ಮಾತು. ನಾನು ಮೂರು ಶಾಲೆಗೆ ಮಾಡಿದೆ, ಮೂರರಲ್ಲೂ ತಾಳ್ಮೆಯಿಂದ ಹೇಳಿದರು.

ಗಡಿ ಬದಲಾಗುವುದನ್ನೂ ನೋಡಿಕೊಳ್ಳಿ. ಹೊಸ ಶಾಲೆ ತೆರೆದಾಗ ಅಕ್ಕಪಕ್ಕದ ಬಡಾವಣೆಗಳನ್ನು ಅದಕ್ಕೆ ಸೇರಿಸುತ್ತಾರೆ. 2022ರಲ್ಲಿ ವೇಕ್ ಮತದಾರರು ಶಾಲಾ ಕಟ್ಟಡಗಳಿಗೆ ಅಂತ 53 ಕೋಟಿ ಡಾಲರಿನಷ್ಟು ಬಾಂಡ್‌ಗೆ, ಅಂದರೆ ಸಾಲ ಎತ್ತುವುದಕ್ಕೆ, ಒಪ್ಪಿಗೆ ಕೊಟ್ಟರು. ಕಟ್ಟಡ ಎದ್ದಂತೆಲ್ಲ ನಕ್ಷೆಯ ಗೆರೆ ಸರಿಯುತ್ತದೆ. ಮುಂದಿನ ವರ್ಷದ ಗಡಿಗಳ ಕರಡು ಮೊದಲೇ ಶಾಲಾ ಮಂಡಳಿಯ ಮುಂದೆ ಬರುತ್ತದೆ. ಅದರಲ್ಲಿ ನಿಮ್ಮ ಬೀದಿ ಇದೆಯಾ ನೋಡಿ.

ಈಗ ರೇಟಿಂಗ್ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಎಲ್ಲರೂ ಮೋಸ ಹೋಗುವುದು ಇಲ್ಲೇ.

ನಾರ್ತ್ ಕ್ಯಾರೊಲಿನಾ ಸರ್ಕಾರ ಪ್ರತಿ ಶಾಲೆಗೆ ಎ ಇಂದ ಎಫ್‌ವರೆಗೆ ಗ್ರೇಡ್ ಕೊಡುತ್ತದೆ. ಮೊದಲ ಸಲ ಕೊಟ್ಟಿದ್ದು 2015ರಲ್ಲಿ. ಲೆಕ್ಕ ಹೀಗೆ: 80 ಭಾಗ ಮಕ್ಕಳ ಪರೀಕ್ಷೆಯ ಸಾಧನೆಗೆ, 20 ಭಾಗ "ಗ್ರೋತ್"ಗೆ, ಅಂದರೆ ಬೆಳವಣಿಗೆಗೆ. ಮಗು ಹಿಂದೆ ಬರೆದ ಪರೀಕ್ಷೆಗಳನ್ನು ನೋಡಿ ಈ ವರ್ಷ ಎಷ್ಟು ಮುಂದೆ ಹೋಗಬೇಕಿತ್ತು, ನಿಜವಾಗಿ ಎಷ್ಟು ಹೋಯಿತು ಎಂಬ ಲೆಕ್ಕವೇ ಗ್ರೋತ್. ಇದನ್ನು ಮಾಡಿಕೊಡುವ ಸ್ಯಾಸ್ ಕಂಪನಿ ನಮ್ಮ ಕ್ಯಾರಿಯಲ್ಲೇ ಇದೆ.

ಸುಮ್ನೆ ಎರಡು ಶಾಲೆ ಊಹಿಸಿಕೊಳ್ಳಿ. ಮೊದಲನೆಯದಕ್ಕೆ ಸಾಧನೆ 90, ಗ್ರೋತ್ 65. ತೊಂಬತ್ತರ 80 ಭಾಗ 72, ಅರವತ್ತೈದರ 20 ಭಾಗ 13, ಒಟ್ಟು 85. ಗ್ರೇಡ್ ಎ. ಎರಡನೆಯದಕ್ಕೆ ಸಾಧನೆ 62, ಗ್ರೋತ್ 90. ಒಟ್ಟು 67.6, ಗ್ರೇಡ್ ಸಿ. ಆದರೆ ಗ್ರೋತ್ 70ಕ್ಕಿಂತ ಕಡಿಮೆ ಬಂದರೆ "ನಿರೀಕ್ಷೆ ಮುಟ್ಟಲಿಲ್ಲ" ಎಂದು ಅರ್ಥ, 85 ದಾಟಿದರೆ "ನಿರೀಕ್ಷೆ ಮೀರಿತು" ಎಂದು. ಅಂದರೆ ಎ ಶಾಲೆಯಲ್ಲಿ ಮಕ್ಕಳು ಬೆಳೆಯಬೇಕಾದಷ್ಟು ಬೆಳೆದಿಲ್ಲ. ಸಿ ಶಾಲೆಯಲ್ಲಿ ಟೀಚರುಗಳು ಮಕ್ಕಳನ್ನು ಕೈ ಹಿಡಿದು ಮೇಲೆತ್ತಿದ್ದಾರೆ.

ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೂ ಓದಿದವರು, ಸಂಜೆ ಟ್ಯೂಷನ್, ಶನಿವಾರ ಗಣಿತದ ಕ್ಲಾಸು ಇದ್ದರೆ ಸಾಧನೆಯ ಅಂಕ ತಾನಾಗಿ ಏರುತ್ತದೆ. ಆ ಅಂಕದಲ್ಲಿ ಮನೆಯ ಪಾಲು ದೊಡ್ಡದು. ಶಾಲೆಯ ಪಾಲು ಕಾಣುವುದು ಗ್ರೋತ್‌ನಲ್ಲಿ. ನಾನು ಈಗ ಗ್ರೇಡ್ ಅಕ್ಷರವನ್ನು ಕಡೆಗೆ ನೋಡುತ್ತೇನೆ. ಮೊದಲು ನೋಡುವುದು ಮೂರು ವರ್ಷದ ಗ್ರೋತ್. ಒಂದು ವರ್ಷ ಏರಿ ಇಳಿಯಬಹುದು, ಮೂರು ವರ್ಷ ಒಂದೇ ದಿಕ್ಕಿನಲ್ಲಿದ್ದರೆ ಅದಕ್ಕೆ ಅರ್ಥವಿದೆ.

ಬೇರೆ ರಾಜ್ಯಕ್ಕೆ ಹೋಗುವವರಿಗೂ ದಾರಿ ಇದೆ. ಸ್ಟ್ಯಾನ್‌ಫರ್ಡ್‌ನ ಶಾನ್ ರಿಯರ್ಡನ್ ಅವರ ತಂಡ ದೇಶದ ಡಿಸ್ಟ್ರಿಕ್ಟ್‌ಗಳ ಅಂಕಗಳನ್ನು ಒಂದೇ ಅಳತೆಗೆ ತಂದು ಯಾರು ಬೇಕಾದರೂ ನೋಡುವ ಹಾಗೆ ಇಟ್ಟಿದೆ. ಅಲ್ಲಿ ಸರಾಸರಿ ಅಂಕ ಬೇರೆ, ವರ್ಷಕ್ಕೆ ಎಷ್ಟು ಕಲಿಯುತ್ತಾರೆ ಎಂಬುದು ಬೇರೆ. ಬಡ ಮಕ್ಕಳು ತುಂಬಿರುವ ಶಿಕಾಗೊದಲ್ಲಿ 2009ರಿಂದ 2014ರವರೆಗಿನ ಐದು ವರ್ಷದಲ್ಲಿ ಮಕ್ಕಳು ಸರಾಸರಿ ಆರು ವರ್ಷದಷ್ಟು ಕಲಿತರು ಎಂದು ಅವರೇ ತೋರಿಸಿದರು.

ಇನ್ನೊಂದು ಮಾತು. ವರ್ಷದ ಕೊನೆಯ ರಾಜ್ಯ ಪರೀಕ್ಷೆ ಇರುವುದು 3ರಿಂದ 8ನೇ ತರಗತಿಗೆ. ನಿಮ್ಮದು ಕಿಂಡರ್‌ಗಾರ್ಟನ್ ಮಗು ಆಗಿದ್ದರೆ, ಎಲಿಮೆಂಟರಿ ಶಾಲೆಯ ಆ ಗ್ರೇಡಿನ ಹಿಂದಿರುವುದು 3, 4, 5ನೇ ತರಗತಿಯ ಪರೀಕ್ಷೆ. ನಿಮ್ಮ ಮಗುವಿನ ಕ್ಲಾಸ್‌ರೂಮ್ ಹೇಗಿದೆ ಎಂದು ಅದು ಹೇಳುವುದಿಲ್ಲ.

ಹಾಗಾದರೆ ಯಾರು ಹೇಳುತ್ತಾರೆ? ಟೀಚರುಗಳು. ನಾರ್ತ್ ಕ್ಯಾರೊಲಿನಾದಲ್ಲಿ 2002ರಿಂದ ಎರಡು ವರ್ಷಕ್ಕೊಮ್ಮೆ ಶಿಕ್ಷಕರ ಸಮೀಕ್ಷೆ ನಡೆಯುತ್ತದೆ. ಈ ಶಾಲೆ ಕೆಲಸಕ್ಕೂ ಕಲಿಕೆಗೂ ಒಳ್ಳೆಯ ಜಾಗವಾ, ಪ್ರಿನ್ಸಿಪಾಲ್ ಮಾತು ಕೇಳಿಸಿಕೊಳ್ಳುತ್ತಾರಾ, ಪಾಠಕ್ಕೆ ತಯಾರಾಗಲು ಸಮಯ ಸಿಗುತ್ತದಾ, ಇಂಥ ಪ್ರಶ್ನೆಗಳು. ಉತ್ತರ ಶಾಲೆವಾರು ಪ್ರಕಟವಾಗುತ್ತದೆ. ಇದು ನನ್ನ ಪ್ರಕಾರ ಎಲ್ಲಕ್ಕಿಂತ ಬೆಲೆಯುಳ್ಳ ಕಾಗದ. ಹೊಸಬರಿಗೆ ಇದು ಇದೆ ಅಂತಲೇ ಗೊತ್ತಿರುವುದಿಲ್ಲ. ಎರಡು ಶಾಲೆಗಳ ಗ್ರೇಡ್ ಒಂದೇ ಇದ್ದಾಗ ನಾನು ಇದನ್ನು ತೆರೆದು ನೋಡಿದೆ. ಒಂದರಲ್ಲಿ ಬಹುಪಾಲು ಟೀಚರುಗಳು ಒಳ್ಳೆಯ ಜಾಗ ಅಂದಿದ್ದರು. ಇನ್ನೊಂದರಲ್ಲಿ ಅರ್ಧದಷ್ಟು ಮಂದಿ ಇಲ್ಲ ಅಂದಿದ್ದರು. ನಾವು ಮೊದಲನೆಯದರ ವ್ಯಾಪ್ತಿಯಲ್ಲಿ ಮನೆ ಹುಡುಕಿದೆವು.

ಆಮೇಲೆ ಹೋಗಿ ನೋಡಿ. ಸುಮ್ನೆ ಒಳಗೆ ಬಿಡುವುದಿಲ್ಲ, ಮೊದಲೇ ಸಮಯ ಕೇಳಿಕೊಳ್ಳಬೇಕು. ನಾನು ಕಾಯುತ್ತಾ ಆಫೀಸಿನಲ್ಲಿ ಕೂತಿದ್ದೆ. ಒಂದನೇ ಕ್ಲಾಸಿನ ಹುಡುಗ ಅಂಗೈ ಮುಚ್ಚಿಕೊಂಡು ಬಂದ. ಹಲ್ಲು ಬಿದ್ದಿತ್ತು. ಫೋನಿನಲ್ಲಿದ್ದ ಆಫೀಸಿನ ಹೆಂಗಸು "ಒಂದು ನಿಮಿಷ" ಅಂತ ಫೋನ್ ಕೆಳಗಿಟ್ಟರು. ಡ್ರಾಯರಿನಿಂದ ಹಲ್ಲಿನ ಆಕಾರದ ಪುಟ್ಟ ಪ್ಲಾಸ್ಟಿಕ್ ಡಬ್ಬಿ ತೆಗೆದು, ಹಲ್ಲನ್ನು ಒರೆಸಿ ಒಳಗಿಟ್ಟು, ದಾರ ಕಟ್ಟಿ ಅವನ ಕೊರಳಿಗೆ ಹಾಕಿದರು. ಅವನ ಹೆಸರು ಹಿಡಿದು ಕರೆದರು, ನಿಮ್ಮ ಅಣ್ಣನಿಗೆ ತೋರಿಸು ಅಂದರು. ಅಣ್ಣ ಇದ್ದಾನೆ ಎಂದು ಅವರಿಗೆ ಗೊತ್ತಿತ್ತು. ಆ ಶಾಲೆಯಲ್ಲಿ ಮಕ್ಕಳನ್ನು ಹೆಸರಿನಿಂದ ಬಲ್ಲವರಿದ್ದಾರೆ ಎಂದು ನನಗೆ ಅಷ್ಟರಲ್ಲೇ ಧೈರ್ಯ ಬಂತು.

ಪ್ರಿನ್ಸಿಪಾಲ್ ಹತ್ತಿರ ಕೇಳಬೇಕಾದ್ದು: ಹೋದ ವರ್ಷ ಎಷ್ಟು ಟೀಚರುಗಳು ಬಿಟ್ಟು ಹೋದರು, ಈಗ ಯಾವ ಕ್ಲಾಸು ಸಬ್‌ಸ್ಟಿಟ್ಯೂಟ್ (ಬದಲಿ ಟೀಚರ್) ಮೇಲೆ ನಡೆಯುತ್ತಿದೆ, ಓದಿನಲ್ಲಿ ಹಿಂದೆ ಬಿದ್ದರೆ ಎಷ್ಟು ದಿನದಲ್ಲಿ ನಮಗೆ ತಿಳಿಸುತ್ತೀರಿ. ಒಂದು ಕ್ಲಾಸಿನಲ್ಲಿ ಎಷ್ಟು ಮಕ್ಕಳು ಅಂತ 4, 5ನೇ ತರಗತಿಗೆ ಬೇರೆಯಾಗಿ ಕೇಳಿ. ರಾಜ್ಯದ ಕಾನೂನಿನ ಮಿತಿ ಇರುವುದು 3ನೇ ತರಗತಿವರೆಗೆ ಮಾತ್ರ. ನನ್ನ ಮಗಳೂ ಒಂದು ಪ್ರಶ್ನೆ ಕೇಳಿದಳು: ಲೈಬ್ರರಿಯಿಂದ ಒಂದು ಸಲಕ್ಕೆ ಎಷ್ಟು ಪುಸ್ತಕ ಮನೆಗೆ ತರಬಹುದು? ಮಕ್ಕಳನ್ನು ಕರೆದುಕೊಂಡೇ ಹೋಗಿ.

ವೇಕ್‌ನಲ್ಲಿ ಕ್ಯಾಲೆಂಡರ್ ಕೂಡ ದೊಡ್ಡ ವಿಷಯ. ಕೆಲವು ಶಾಲೆ ಮಾಮೂಲಿ, ಆಗಸ್ಟ್ ಕೊನೆಗೆ ಶುರುವಾಗಿ ಜೂನ್‌ಗೆ ಮುಗಿಯುತ್ತವೆ. ಕೆಲವು ಇಯರ್-ರೌಂಡ್. ಮಕ್ಕಳನ್ನು ನಾಲ್ಕು ಗುಂಪು (ಟ್ರ್ಯಾಕ್) ಮಾಡಿ, ಸುಮಾರು ಒಂಬತ್ತು ವಾರ ಶಾಲೆ, ಮೂರು ವಾರ ರಜೆ. ಯಾವಾಗಲೂ ಒಂದು ಟ್ರ್ಯಾಕ್ ರಜೆಯಲ್ಲಿರುತ್ತದೆ, ಹಾಗಾಗಿ ಅದೇ ಕಟ್ಟಡದಲ್ಲಿ ಹೆಚ್ಚು ಮಕ್ಕಳಿಗೆ ಜಾಗ. ಊರಿಗೆ ಹೋಗುವವರು ಇದನ್ನು ಯೋಚಿಸಲೇಬೇಕು. ಮೂರು ವಾರದಲ್ಲಿ ಹೋಗಿ ಬರುವಾಗ ಜೆಟ್ ಲ್ಯಾಗ್ ಕಳೆಯುವಷ್ಟರಲ್ಲಿ ಅಜ್ಜಿ ಮನೆ ಬಿಡುವ ಹೊತ್ತಾಗುತ್ತದೆ. ಆದರೆ ಟಿಕೆಟ್ ದುಬಾರಿ ಇಲ್ಲದ ತಿಂಗಳಲ್ಲಿ ಹೋಗಬಹುದು. ಇಬ್ಬರು ಮಕ್ಕಳಿದ್ದರೆ ಎಲಿಮೆಂಟರಿ, ಮಿಡಲ್ ಎರಡರ ಕ್ಯಾಲೆಂಡರೂ ಹೊಂದುತ್ತದಾ ನೋಡಿ. ಒಬ್ಬರಿಗೆ ರಜೆ, ಇನ್ನೊಬ್ಬರಿಗೆ ಶಾಲೆ ಆದರೆ ಕೆಲಸಕ್ಕೆ ಹೋಗುವ ತಂದೆತಾಯಿಗೆ ತುಂಬಾ ಕಷ್ಟ.

ಸೇರಿಸುವಾಗ ಮನೆಯಲ್ಲಿ ಯಾವ ಭಾಷೆ ಎಂದು ಕೇಳುವ ಫಾರ್ಮ್ ಕೊಡುತ್ತಾರೆ. ಇಂಗ್ಲಿಷ್ ಅಂತ ಬರೆಯಿರಿ, ಇಲ್ಲದಿದ್ದರೆ ಮಗುವನ್ನು ಬೇರೆ ಕೂರಿಸುತ್ತಾರೆ ಎಂದು ನನಗೆ ಯಾರೋ ಹೇಳಿದ್ದರು. ನಾನು ಕನ್ನಡ ಅಂತಲೇ ಬರೆದೆ. ಮಗನಿಗೆ ಒಂದು ಇಂಗ್ಲಿಷ್ ಪರೀಕ್ಷೆ ಮಾಡಿದರು, ಸ್ವಲ್ಪ ಸಹಾಯ ಬೇಕು ಅಂದರು. ವಾರದಲ್ಲಿ ಕೆಲವು ಸಲ ಬೇರೆ ಟೀಚರ್ ಬಂದು ಹೇಳಿಕೊಟ್ಟರು. ದುಡ್ಡಿಲ್ಲ. ಬೇಡ ಅನ್ನುವ ಹಕ್ಕೂ ತಂದೆತಾಯಿಗೆ ಇದೆ. ನಿಜ ಬರೆಯಿರಿ. ಮನೆಮಾತನ್ನು ಮುಚ್ಚಿಡುವಂಥದ್ದೇನೂ ಇಲ್ಲ.

ಕಾಗದಪತ್ರವನ್ನು ಹಳೆಯ ಊರು ಬಿಡುವ ಮುಂಚೆಯೇ ತಯಾರು ಮಾಡಿ. ಮನೆ ವಿಳಾಸಕ್ಕೆ ಪುರಾವೆ, ಜನನ ಪ್ರಮಾಣಪತ್ರ, ಹಿಂದಿನ ಶಾಲೆಯ ರಿಪೋರ್ಟ್ ಕಾರ್ಡ್, ಲಸಿಕೆಯ ದಾಖಲೆ. ವೀಸಾ ಯಾವುದು ಎಂದು ಯೋಚಿಸಿ ಹೆದರಬೇಡಿ. 1982ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ವಲಸೆಯ ಸ್ಥಿತಿ ನೋಡಿ ಮಗುವಿಗೆ ಸರ್ಕಾರಿ ಶಾಲೆ ನಿರಾಕರಿಸುವಂತಿಲ್ಲ. ಕಿಂಡರ್‌ಗಾರ್ಟನ್‌ಗೆ ಈ ರಾಜ್ಯದಲ್ಲಿ ಆಗಸ್ಟ್ 31ರ ಒಳಗೆ ಐದು ತುಂಬಿರಬೇಕು. ಬೇರೆ ರಾಜ್ಯದಲ್ಲಿ ತಾರೀಕು ಬೇರೆ ಇರಬಹುದು, ಸೆಪ್ಟೆಂಬರ್ ಮಕ್ಕಳಿದ್ದವರು ಮೊದಲೇ ಕೇಳಿಕೊಳ್ಳಿ. ಇಲ್ಲಿನ ಸರ್ಕಾರಿ ಶಾಲೆಗೆ ಮೊದಲ ಸಲ ಸೇರುವ ಮಗುವಿಗೆ, ಯಾವ ತರಗತಿಯೇ ಆಗಲಿ, ಡಾಕ್ಟರ್ ತುಂಬಿದ ಆರೋಗ್ಯ ತಪಾಸಣೆಯ ಫಾರ್ಮ್ 30 ದಿನದೊಳಗೆ ಕೊಡಬೇಕು. ಹೊಸ ಊರಿನಲ್ಲಿ ಮಕ್ಕಳ ಡಾಕ್ಟರ್ ಅಪಾಯಿಂಟ್‌ಮೆಂಟ್ ಬೇಗ ಸಿಗುವುದಿಲ್ಲ. ಮನೆ ಗೊತ್ತಾದ ದಿನವೇ ಫೋನ್ ಮಾಡಿ ಬುಕ್ ಮಾಡಿಡಿ.