ಚೀನಾದಲ್ಲಿ ಅತಿಥಿಗಳನ್ನು ಕಳುಹಿಸಿಕೊಡುವುದು ಹೇಗೆ?

ನೌಕರಿ, ವ್ಯಾಪಾರ ಅಥವಾ ವೈದ್ಯಕೀಯ ಶಿಕ್ಷಣಕ್ಕೆಂದು ಚೀನಾಕ್ಕೆ ಹೋಗುವ ಕನ್ನಡಿಗರು ಅಲ್ಲಿನ ಊಟದ ಮೇಜಿನ ರೀತಿನೀತಿಗಳನ್ನು ಬಹುಬೇಗ ಕಲಿತುಕೊಳ್ಳುತ್ತಾರೆ. ಚಾಪ್‌ಸ್ಟಿಕ್‌ಗಳನ್ನು ಅನ್ನದ ಬಟ್ಟಲಿನಲ್ಲಿ ನೆಟ್ಟಗೆ ಚುಚ್ಚಬಾರದು, ಹಿರಿಯರ ಗ್ಲಾಸಿಗೆ ಗ್ಲಾಸು ತಾಗಿಸುವಾಗ ನಮ್ಮದು ತುಸು ಕೆಳಗಿರಬೇಕು ಎಂಬುದನ್ನೆಲ್ಲ ಯಾರಾದರೂ ಹೇಳಿಕೊಟ್ಟಿರುತ್ತಾರೆ. ಊಟ ಮುಗಿದು ಅತಿಥಿ ಎದ್ದು ನಿಂತ ಮೇಲೆ ಏನು ಮಾಡಬೇಕೆಂಬುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಹೀಗಾಗಿ ಇಡೀ ದಿನ ಅಡುಗೆ ಮಾಡಿ, ಪ್ರೀತಿಯಿಂದ ಬಡಿಸಿದ ಮನೆಯವರೇ ಕೊನೆಗೆ ಹೊಸ್ತಿಲಲ್ಲಿ ಕೈಬೀಸಿ, ಅತಿಥಿ ಲಿಫ್ಟ್ ತಲುಪುವ ಮೊದಲೇ ಬಾಗಿಲು ಹಾಕಿಕೊಂಡು, ಬಂದವರ ಮನಸ್ಸಿಗೆ ಪಿಚ್ಚೆನಿಸುವಂತೆ ಮಾಡಿದ್ದನ್ನು ನಾನು ಹಲವು ಸಲ ಕಂಡಿದ್ದೇನೆ. ಬರುವವರನ್ನು ಮೂರು ಹೆಜ್ಜೆ ಮುಂದೆ ಹೋಗಿ ಎದುರುಗೊಳ್ಳಬೇಕು, ಹೋಗುವವರ ಜೊತೆ ಏಳು ಹೆಜ್ಜೆ ನಡೆಯಬೇಕು ಎಂಬ ಮಾತು ಚೀನಾದಲ್ಲಿ ಬಳಕೆಯಲ್ಲಿದೆ. ಸ್ವಾಗತಕ್ಕಿಂತ ಬೀಳ್ಕೊಡುಗೆಯ ತೂಕ ಹೆಚ್ಚು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಹಂತಗಳು ಸುಲಭವಾಗಿ ಅರ್ಥವಾಗುತ್ತವೆ.

ಮೊದಲ ಹಂತ: ಹೊರಡುವ ಮಾತು ಅತಿಥಿಯಿಂದಲೇ ಬರಬೇಕು

ಆತಿಥೇಯರು ಗಡಿಯಾರ ನೋಡಬಾರದು, ಚಹಾದ ಬಟ್ಟಲುಗಳನ್ನು ಎತ್ತಿಡಲು ತೊಡಗಬಾರದು, ಅತಿಥಿಗಿಂತ ಮೊದಲು ಕುರ್ಚಿಯಿಂದ ಏಳಬಾರದು. ಛಿಂಗ್ ರಾಜವಂಶದ (1644–1912) ಕಾಲದ ಅಧಿಕಾರಿಗಳಿಗೆ ಭೇಟಿ ಮುಗಿಸಲು ಒಂದು ಸನ್ನೆಯೇ ಇತ್ತು. ಅಧಿಕಾರಿ ಚಹಾದ ಬಟ್ಟಲನ್ನು ಕೈಗೆತ್ತಿಕೊಂಡ ಕೂಡಲೇ ಸೇವಕ ‘ಅತಿಥಿಗಳನ್ನು ಕಳುಹಿಸಿಕೊಡಿ’ ಎಂದು ಕೂಗುತ್ತಿದ್ದ, ಬಂದವರು ಎದ್ದು ಹೊರಡುತ್ತಿದ್ದರು. ಅದು ಕಚೇರಿಯ ಕ್ರಮ, ಮನೆಗೆ ಕರೆದ ಅತಿಥಿಯ ಎದುರು ಅಂಥ ಯಾವ ಸನ್ನೆಯೂ ಸಲ್ಲದು.

ನೀವೇ ಅತಿಥಿಯಾಗಿದ್ದರೆ ‘ನನಗೆ ನಿದ್ದೆ ಬರುತ್ತಿದೆ’, ‘ನನಗೆ ಬೇರೆ ಕೆಲಸವಿದೆ’ ಎನ್ನುವುದರ ಬದಲು ‘ಹೊತ್ತಾಯಿತು, ನೀವೂ ವಿಶ್ರಾಂತಿ ತೆಗೆದುಕೊಳ್ಳಬೇಕು’ ಎನ್ನಿ. ಹೊರಡುವ ಕಾರಣ ಮನೆಯವರ ಅನುಕೂಲವಾಗಿರಬೇಕೇ ಹೊರತು ನಿಮ್ಮ ಬೇಸರವಾಗಬಾರದು.

ಎರಡನೆಯ ಹಂತ: ಇನ್ನಷ್ಟು ಹೊತ್ತು ಕೂರಿ ಎನ್ನುವುದು

ಅತಿಥಿ ಹೊರಡುವ ಮಾತೆತ್ತಿದ ತಕ್ಷಣ ‘ಸರಿ’ ಎಂದು ಒಪ್ಪಿಕೊಂಡುಬಿಡುವುದು ಒರಟುತನವೆನಿಸುತ್ತದೆ. ‘ಇನ್ನೂ ಸ್ವಲ್ಪ ಹೊತ್ತು ಕೂರಿ’, ‘ಊಟ ಮಾಡಿಕೊಂಡೇ ಹೋಗಿ’ ಎಂದು ಎರಡು ಮೂರು ಸಲ ಹೇಳಬೇಕು. ಅತಿಥಿ ಅಷ್ಟೇ ಸಲ ನಯವಾಗಿ ಬೇಡವೆನ್ನುತ್ತಾರೆ. ಆಮೇಲೆ ಎಲ್ಲರೂ ಏಳಬಹುದು. ಒಳಕೋಣೆಯಲ್ಲಿರುವ ಮಕ್ಕಳನ್ನು ಕರೆದು, ‘ಶೂಶೂ’ಗೆ ಅಥವಾ ‘ಆಯಿ’ಗೆ, ಅಂದರೆ ಚಿಕ್ಕಪ್ಪನಿಗೆ ಅಥವಾ ಚಿಕ್ಕಮ್ಮನಿಗೆ, ವಿದಾಯ ಹೇಳಿಸಿ. ‘ಉಪಚಾರದಲ್ಲಿ ಏನಾದರೂ ಕೊರತೆಯಾಗಿದ್ದರೆ ಮನಸ್ಸಿನಲ್ಲಿಟ್ಟುಕೊಳ್ಳಬೇಡಿ’ ಎಂದು ಮನೆಯವರು ಹೇಳುವುದು ವಾಡಿಕೆ. ಮೇಜಿನ ಮೇಲೆ ಹತ್ತು ಬಗೆಯ ಅಡುಗೆ ಇದ್ದರೂ ಈ ಮಾತನ್ನು ಬಿಡುವಂತಿಲ್ಲ.

ಮೂರನೆಯ ಹಂತ: ಬರಿಗೈಯಲ್ಲಿ ಕಳುಹಿಸದಿರುವುದು

ಅತಿಥಿ ಏನಾದರೂ ತಂದಿದ್ದರೆ ಹೋಗುವಾಗ ಅವರ ಕೈಗೂ ಏನಾದರೂ ಕೊಡಿ. ಹಣ್ಣು, ಚಹಾ ಎಲೆ, ಮನೆಯಲ್ಲಿ ಮಾಡಿದ ತಿಂಡಿ, ಯಾವುದಾದರೂ ಆದೀತು. ಅವರು ಬೇಡವೆಂದು ಚೀಲವನ್ನು ಹಿಂದಕ್ಕೆ ತಳ್ಳುತ್ತಾರೆ, ನೀವು ಮತ್ತೆ ಕೊಡಬೇಕು. ಈ ಕೊಡು-ಕೊಳ್ಳುವ ಎಳೆದಾಟ ಜಗಳದಂತೆ ಕಂಡರೂ ಅದರಲ್ಲಿ ಸಿಟ್ಟಿನ ಲವಲೇಶವೂ ಇರುವುದಿಲ್ಲ. ನೀವು ಪಡೆಯುವವರಾಗಿದ್ದರೆ ಎರಡು ಸಲ ನಿರಾಕರಿಸಿ, ಮೂರನೆಯ ಸಲ ಎರಡೂ ಕೈಯೊಡ್ಡಿ ತೆಗೆದುಕೊಳ್ಳಿ, ಅಲ್ಲಿಯೇ ಬಿಚ್ಚಿ ನೋಡಬೇಡಿ.

ಏನನ್ನು ಕೊಡಬಾರದು ಎಂಬುದರಲ್ಲಿ ನಮ್ಮವರು ಎಡವುವುದು ಹೆಚ್ಚು. ಭಾರತೀಯ ಕಚೇರಿಗಳಲ್ಲಿ ಸಂಸ್ಥೆಯ ಚಿಹ್ನೆ ಅಚ್ಚಾದ ಗೋಡೆ ಗಡಿಯಾರವನ್ನು ನೆನಪಿನ ಕಾಣಿಕೆಯಾಗಿ ಕೊಡುವ ರೂಢಿಯಿದೆ. ಚೀನೀ ಅತಿಥಿಗೆ ಅದನ್ನು ಖಂಡಿತ ಕೊಡಬೇಡಿ, ಏಕೆಂದರೆ ಗಡಿಯಾರ ಕೊಡುವುದು ಎಂಬ ಮಾತೂ ಸಾಯುವವರ ಕೊನೆಗಳಿಗೆಯಲ್ಲಿ ಜೊತೆಗಿರುವುದು ಎಂಬ ಮಾತೂ ಅವರ ಭಾಷೆಯಲ್ಲಿ ಒಂದೇ ರೀತಿ ಕೇಳಿಸುತ್ತವೆ. ಇಂಥದೇ ಕಾರಣಕ್ಕೆ ಛತ್ರಿಯೂ ಬೇಡ, ನಾಲ್ಕರ ಲೆಕ್ಕದ ವಸ್ತುಗಳೂ ಬೇಡ. ಅಂಗಡಿಗಳಲ್ಲಿ ಸಿಗುವ, ದೊಡ್ಡ ಪೆಟ್ಟಿಗೆಯೊಳಗೆ ಹಿಡಿಯಷ್ಟು ಚಹಾ ಇರುವ ಆಡಂಬರದ ಕಟ್ಟುಗಳಿಗೆ ದುಡ್ಡು ಸುರಿಯಬೇಡಿ. ಆಹಾರ ಪದಾರ್ಥಗಳ ಅತಿಯಾದ ಪ್ಯಾಕಿಂಗ್‌ಗೆ ಚೀನಾ ಸರ್ಕಾರವೇ 2023ರ ಸೆಪ್ಟೆಂಬರ್‌ನಿಂದ ಕಡ್ಡಾಯ ಮಿತಿ ಹಾಕಿದೆ. ಊರಿನಿಂದ ತಂದ ಮೈಸೂರು ಸ್ಯಾಂಡಲ್ ಸೋಪು ಆರು, ಅಥವಾ ಚಿಕ್ಕಮಗಳೂರಿನ ಕಾಫಿ ಪುಡಿಯ ಎರಡು ಪೊಟ್ಟಣ, ಕೆಂಪು ಚೀಲದಲ್ಲಿಟ್ಟು ಕೊಟ್ಟರೆ ಅದಕ್ಕಿಂತ ಒಳ್ಳೆಯ ಕಾಣಿಕೆ ಇನ್ನೊಂದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಬೆಲೆಯ ಚೀಟಿ ಕಿತ್ತುಹಾಕುವುದನ್ನು ಮರೆಯಬೇಡಿ.

ನಾಲ್ಕನೆಯ ಹಂತ: ಹೊಸ್ತಿಲಿನಿಂದ ಆಚೆಗೆ

ಎಲ್ಲ ಎಡವಟ್ಟುಗಳೂ ಆಗುವುದು ಇಲ್ಲಿಯೇ ಆದ್ದರಿಂದ ಈ ಹಂತವನ್ನು ನಿಧಾನವಾಗಿ ಓದಿಕೊಳ್ಳಬೇಕೆಂದು ಕೋರುತ್ತೇನೆ.

ಎಲ್ಲಿಯವರೆಗೆ ಹೋಗಿ ಬಿಡಬೇಕೆಂಬುದನ್ನು ಅತಿಥಿ ಬರುವ ಮೊದಲೇ ತೀರ್ಮಾನಿಸಿಕೊಳ್ಳಿ. ತಾಂಗ್ ರಾಜವಂಶದ (618–907) ಕಾಲದಲ್ಲಿ ರಾಜಧಾನಿ ಛಾಂಗಾನ್‌ನಿಂದ, ಅಂದರೆ ಇಂದಿನ ಷಿಯಾನ್‌ನಿಂದ, ಪೂರ್ವದಿಕ್ಕಿಗೆ ಪ್ರಯಾಣ ಹೊರಟವರನ್ನು ಬಾ ನದಿಯ ಸೇತುವೆಯವರೆಗೆ ಕರೆತಂದು, ವಿಲೋ ಮರದ ರೆಂಬೆಯೊಂದನ್ನು ಮುರಿದು ಕೈಗಿತ್ತು ಬೀಳ್ಕೊಡುತ್ತಿದ್ದರು. ಎಲ್ಲಿ ನಿಲ್ಲಬೇಕೆಂಬುದು ಇಬ್ಬರಿಗೂ ಗೊತ್ತಿರುತ್ತಿತ್ತು. ಇಂದಿನ ಅಪಾರ್ಟ್‌ಮೆಂಟ್ ಬದುಕಿನಲ್ಲಿಯೂ ಅಂಥದೊಂದು ಗಡಿ ಬೇಕು. ಪಕ್ಕದ ಮನೆಯವರಿಗೆ ಬಾಗಿಲು ಸಾಕು. ಸಮವಯಸ್ಸಿನ ಸಹೋದ್ಯೋಗಿಗೆ ಲಿಫ್ಟಿನವರೆಗೆ ಹೋಗಬೇಕು. ಹಿರಿಯರು, ಗುರುಗಳು, ಮೊದಲ ಸಲ ಬಂದವರು ಮತ್ತು ದೂರದಿಂದ ಬಂದವರನ್ನು ಕೆಳಗಿಳಿದು ಕಾರಿನವರೆಗೆ ಇಲ್ಲವೇ ಮೆಟ್ರೊ ನಿಲ್ದಾಣದ ಬಾಗಿಲವರೆಗೆ ಬಿಟ್ಟುಬರಬೇಕು. ಯಾವ ಗುಂಪಿಗೆ ಸೇರಿದವರೆಂಬ ಅನುಮಾನವಿದ್ದರೆ ಒಂದು ಗಡಿ ಮುಂದಕ್ಕೇ ಹೋಗಿ. ಹೆಚ್ಚು ನಡೆದು ಕೆಟ್ಟವರಿಲ್ಲ.

ಅತಿಥಿ ಶೂ ಹಾಕಿಕೊಳ್ಳುವಾಗ ನೀವೂ ಮನೆಯ ಚಪ್ಪಲಿ ಬಿಟ್ಟು ಹೊರಗಿನ ಪಾದರಕ್ಷೆ ಹಾಕಿಕೊಳ್ಳಿ, ಮನೆಯ ಕೀಲಿಯನ್ನು ಜೇಬಿಗಿಳಿಸಿ. ಮನೆಯ ಚಪ್ಪಲಿಯಲ್ಲೇ ಹೊರಬಂದರೆ ಬೇಗ ಹಿಂದಿರುಗುವ ಇರಾದೆ ಎದ್ದು ಕಾಣುತ್ತದೆ. ಹೊಸ್ತಿಲು ದಾಟಿದ ಕೂಡಲೇ ಅತಿಥಿ ‘ಬಿಯೆ ಸೊಂಗ್ ಲ’, ಅಂದರೆ ‘ಬಿಡಲು ಬರಬೇಡಿ’ ಎನ್ನುತ್ತಾರೆ. ತುಸು ಗಂಭೀರ ಸಂದರ್ಭವಾದರೆ ‘ಚಿಂಗ್ ಲಿಯೋ ಬು’, ‘ದಯವಿಟ್ಟು ಇಲ್ಲಿಯೇ ನಿಲ್ಲಿ’ ಎನ್ನುತ್ತಾರೆ. ನಮ್ಮವರು ಈ ಮಾತನ್ನು ಅಕ್ಷರಶಃ ತೆಗೆದುಕೊಂಡು ಅಲ್ಲಿಯೇ ನಿಂತುಬಿಡುತ್ತಾರೆ. ಹಾಗೆ ಮಾಡಬಾರದು. ಅತಿಥಿ ತಡೆಯಬೇಕು, ಆತಿಥೇಯರು ಕೇಳಿಸದವರಂತೆ ಮುಂದೆ ನಡೆಯಬೇಕು. ಲಿಫ್ಟಿನ ಬಳಿ ಮತ್ತೊಮ್ಮೆ, ಕಟ್ಟಡದ ಬಾಗಿಲಲ್ಲಿ ಇನ್ನೊಮ್ಮೆ ಇದೇ ಮಾತು ನಡೆಯುತ್ತದೆ. ನೀವು ಮೊದಲೇ ತೀರ್ಮಾನಿಸಿಕೊಂಡ ಗಡಿ ಬಂದಾಗ ಮಾತ್ರ ‘ಹಾಗಿದ್ದರೆ ನಾನು ಇಲ್ಲಿಯೇ ನಿಲ್ಲುತ್ತೇನೆ, ಮಾನ್ ತ್ಸೋ’ ಎನ್ನಿ. ನಿಧಾನವಾಗಿ ನಡೆಯಿರಿ, ಜೋಪಾನವಾಗಿ ಹೋಗಿ ಎಂಬುದು ಅದರ ಭಾವ. ಎಳೆದಾಟ ಮುಗಿಯದಿದ್ದರೆ ಅತಿಥಿಯಾದವರು ‘ಸಾವಿರ ಲೀ ಜೊತೆ ಬಂದರೂ ಕೊನೆಗೊಮ್ಮೆ ಅಗಲಲೇಬೇಕಲ್ಲ’ ಎಂಬ ಹಳೆಯ ಗಾದೆಯನ್ನು ಹೇಳಬಹುದು. ಒಂದು ಲೀ ಎಂದರೆ ಇಂದಿನ ಲೆಕ್ಕದಲ್ಲಿ ಅರ್ಧ ಕಿಲೋಮೀಟರ್. ಹಿರಿಯರ ಎದುರು ಈ ಗಾದೆ ಚೆನ್ನಾಗಿ ಒಪ್ಪುತ್ತದೆ, ಮಾತೂ ನಗುವಿನಲ್ಲಿ ಮುಗಿಯುತ್ತದೆ. ಮೊಬೈಲಿನ ಅನುವಾದದ ಆ್ಯಪ್‌ಗಳನ್ನು ಇಲ್ಲಿ ನಂಬಬೇಡಿ. ಎಲ್ಲದಕ್ಕೂ ‘ತ್ಸಾಯ್ ಚಿಯೆನ್’ ಎಂಬ ಒಂದೇ ವಿದಾಯವನ್ನು ಹೇಳಿಕೊಡುವ ಅವುಗಳಿಗಿಂತ ಮೇಲಿನ ಮೂರು ಮಾತುಗಳನ್ನು ಚೀನೀ ಸ್ನೇಹಿತರೊಬ್ಬರ ಬಾಯಿಂದಲೇ ಕೇಳಿ ಕಲಿಯುವುದು ಮೇಲು.

ಲಿಫ್ಟಿನ ಗುಂಡಿಯನ್ನು ಆತಿಥೇಯರೇ ಒತ್ತಬೇಕು. ಅತಿಥಿ ಒಳಹೋದ ಮೇಲೆ ಬಾಗಿಲಿಗೆ ಎದುರಾಗಿ ನಿಂತು, ಅದು ಪೂರ್ತಿ ಮುಚ್ಚಿಕೊಳ್ಳುವವರೆಗೂ ಅವರ ಮುಖ ನೋಡುತ್ತಿರಬೇಕು. ಒಳಗಿರುವವರು ಆ ಹೊತ್ತಿನಲ್ಲಿ ಮೊಬೈಲ್ ತೆಗೆಯಬಾರದು. ಹಳೆಯ ಬಡಾವಣೆಗಳ ಐದಾರು ಅಂತಸ್ತಿನ ಎಷ್ಟೋ ಕಟ್ಟಡಗಳಲ್ಲಿ ಲಿಫ್ಟ್ ಇರುವುದಿಲ್ಲ. ಅಲ್ಲಿನ ಮೆಟ್ಟಿಲ ದೀಪಗಳು ಸದ್ದಿಗೆ ಹೊತ್ತಿಕೊಂಡು ಸ್ವಲ್ಪ ಹೊತ್ತಿನಲ್ಲಿ ತಾವಾಗಿಯೇ ಆರುತ್ತವೆ. ಮನೆಯ ಹಿರಿಯರು ಮೇಲಿನ ಅಂತಸ್ತಿನಲ್ಲಿ ನಿಂತು, ದೀಪ ಆರಿದಾಗಲೆಲ್ಲ ಒಮ್ಮೆ ಕೆಮ್ಮಿಯೋ ಕಾಲನ್ನು ನೆಲಕ್ಕೆ ಬಡಿದೋ ಅದನ್ನು ಮತ್ತೆ ಹೊತ್ತಿಸುತ್ತಾರೆ. ಆ ಕೆಮ್ಮು ಅತಿಥಿಗೆ ತೋರುವ ಕಾಳಜಿ. ಕೆಳಗಿನಿಂದ ‘ಒಳಗೆ ಹೋಗಿ, ಒಳಗೆ ಹೋಗಿ’ ಎಂದು ಕೂಗಿ ಹೇಳುವುದು ಅತಿಥಿಯ ಪಾಲಿನ ಕೆಲಸ. ಹೆಜ್ಜೆಯ ಸಪ್ಪಳ ಪೂರ್ತಿ ನಿಂತ ಮೇಲೆಯೇ ಬಾಗಿಲನ್ನು ಸದ್ದಾಗದಂತೆ ಮುಚ್ಚಬೇಕು. ಅತಿಥಿಯ ಬೆನ್ನಿಗೇ ಬಾಗಿಲು ಬಡಿಯುವ ಸದ್ದು ಕೇಳಿಸಿದರೆ ಅಂದಿನ ಉಪಚಾರವೆಲ್ಲ ನೀರುಪಾಲು.

ಕಾರಿನವರೆಗೆ ಹೋದವರು ಕಾರು ಕಣ್ಮರೆಯಾಗುವವರೆಗೆ ನಿಲ್ಲಬೇಕು. ಅತಿಥಿ ಕಿಟಕಿಯ ಗಾಜನ್ನಿಳಿಸಿ ಕೈಬೀಸಬೇಕು. ನಡೆದು ಹೋಗುವವರು ತಿರುವಿನಲ್ಲಿ ಒಮ್ಮೆ ಹಿಂದಿರುಗಿ ನೋಡಿ ಕೈಯೆತ್ತಲೇಬೇಕು. ನಮ್ಮವರು ಅತಿಥಿಗಳಾಗಿ ಹೋದಾಗ ಬಿಟ್ಟುಬಿಡುವುದು ಇದನ್ನೇ. ನೇರವಾಗಿ ನಡೆದು ಹೋಗಿಬಿಡುತ್ತಾರೆ, ಅತ್ತ ಮನೆಯವರು ಇವರು ತಿರುಗಿ ನೋಡಿಯಾರೆಂದು ಕಾಯುತ್ತ ನಿಂತಿರುತ್ತಾರೆ. ಕನ್‌ಫ್ಯೂಷಿಯಸ್‌ನ ಮಾತು ಮತ್ತು ನಡೆಗಳನ್ನು ಸಂಗ್ರಹಿಸಿರುವ ‘ಲುನ್‌ಯು’ ಗ್ರಂಥದ ಹತ್ತನೆಯ ಅಧ್ಯಾಯದಲ್ಲಿ ಇದಕ್ಕೆ ನೇರವಾಗಿ ಸಂಬಂಧಿಸಿದ ಒಂದು ವಿವರವಿದೆ. ದೊರೆಯ ಅತಿಥಿಗಳನ್ನು ನೋಡಿಕೊಳ್ಳುವ ಹೊಣೆ ಅವನ ಮೇಲಿದ್ದಾಗ, ಅತಿಥಿ ಹೊರಟುಹೋದ ಬಳಿಕ ಅವನು ತಪ್ಪದೆ ದೊರೆಯ ಬಳಿ ಬಂದು ‘ಅತಿಥಿ ಇನ್ನು ಹಿಂದಿರುಗಿ ನೋಡುತ್ತಿಲ್ಲ’ ಎಂದು ಒಪ್ಪಿಸುತ್ತಿದ್ದನಂತೆ. ಬೀಳ್ಕೊಡುಗೆ ಮುಗಿಯಿತೆಂಬುದಕ್ಕೆ ಎರಡೂವರೆ ಸಾವಿರ ವರ್ಷಗಳಷ್ಟು ಹಳೆಯದಾದ ಈ ಗುರುತನ್ನು ಇಂದಿಗೂ ಪಾಲಿಸಬಹುದು.

ಒಂದು ಎಚ್ಚರಿಕೆಯ ಮಾತು. ನಮ್ಮಲ್ಲಿ ಗೇಟಿನ ಬಳಿ ನಿಂತಾಗಲೇ ಮುಖ್ಯ ವಿಷಯಗಳೆಲ್ಲ ನೆನಪಾಗಿ ಅರ್ಧ ಗಂಟೆ ಮಾತು ಬೆಳೆಯುತ್ತದೆ. ಚೀನಾದಲ್ಲಿ ನಿಮ್ಮನ್ನು ಬಿಡಲು ಬಂದ ಹಿರಿಯರನ್ನು ಹಾಗೆ ನಿಲ್ಲಿಸಿಕೊಳ್ಳಬೇಡಿ. ಜನವರಿಯ ರಾತ್ರಿ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುವ ಹಾರ್ಬಿನ್‌ನಂಥ ಊರಿನಲ್ಲಿ, ಅವರಾಗಿಯೇ ಒಳಹೋಗಲಾರರು ಎಂಬುದು ಗೊತ್ತಿದ್ದೂ ಮಾತು ಬೆಳೆಸುವುದು ನಿರ್ದಯತೆಯೇ ಸರಿ.

ತೀರ ಆಪ್ತರೊಡನೆ ಮಾತ್ರ ಇದೆಲ್ಲವನ್ನೂ ಕಡಿಮೆ ಮಾಡಬೇಕು. ಹತ್ತಿರದ ಗೆಳೆಯನಿಗೆ ವಿಪರೀತ ಉಪಚಾರ ಹೇಳಿದರೆ, ನನ್ನನ್ನು ಹೊರಗಿನವನಂತೆ ಕಾಣುತ್ತಿದ್ದೀರಿ ಎಂದು ಅವನು ನೊಂದುಕೊಳ್ಳುತ್ತಾನೆ. ಅವನು ‘ಬರಬೇಡ’ ಎಂದರೆ ಅದನ್ನು ನಿಜವೆಂದೇ ತಿಳಿಯಿರಿ, ಆದರೆ ಬಾಗಿಲನ್ನು ಮಾತ್ರ ಆಗಲೂ ಮೆಲ್ಲಗೆ ಹಾಕಿ.

ಹೋಟೆಲಿನಲ್ಲಿ ಊಟ ಹಾಕಿಸಿದ್ದರೆ

ಎಲ್ಲ ಅತಿಥಿಗಳೂ ವಾಹನ ಹತ್ತುವವರೆಗೆ ಆತಿಥೇಯರು ಜಾಗ ಬಿಡಬಾರದು. ಮದ್ಯ ಸೇವಿಸಿ ವಾಹನ ಓಡಿಸುವುದನ್ನು ಚೀನಾ 2011ರ ಮೇ 1ರಿಂದ ಕ್ರಿಮಿನಲ್ ಅಪರಾಧವೆಂದು ಪರಿಗಣಿಸುತ್ತಿದೆ. ಆದ್ದರಿಂದ ಬೈಜಿಯು ಎಂಬ ಚೀನೀ ಮದ್ಯ ಬಡಿಸಿದವರೇ ಅತಿಥಿಯ ಕಾರು ಓಡಿಸಿಕೊಂಡು ಹೋಗಲು ‘ದಾಯ್‌ಜಿಯಾ’ ಎಂದು ಕರೆಯುವ ಬದಲಿ ಚಾಲಕರನ್ನು ಮೊಬೈಲಿನಲ್ಲಿ ಕರೆಸಬೇಕು. ಟ್ಯಾಕ್ಸಿಯಾದರೆ ನಿಮ್ಮ ಮೊಬೈಲಿನಿಂದಲೇ ಕಾಯ್ದಿರಿಸಿ, ಹಣವನ್ನೂ ನೀವೇ ಕೊಡಿ, ವಾಹನದ ಸಂಖ್ಯೆಯನ್ನು ನೋಡಿಟ್ಟುಕೊಳ್ಳಿ.

ದೂರದ ಪ್ರಯಾಣಕ್ಕೆ ಹೊರಟವರಿಗೆ

ಉತ್ತರ ಚೀನಾದಲ್ಲಿ ಹೊರಡುವ ದಿನ ಜಿಯಾವ್‌ಜಿ ಎಂಬ ಕಡುಬನ್ನೂ, ಬಂದ ದಿನ ನೂಡಲ್ಸನ್ನೂ ತಿನ್ನಿಸುವ ಪದ್ಧತಿಯಿದೆ. ಊರಿಗೆ ವಿಮಾನದಲ್ಲಿ ಹೊರಟವರಿಗೆ, ಗಾಳಿ ನಿಮ್ಮ ಬೆನ್ನಿಗಿರಲಿ ಎಂಬ ಅರ್ಥದ ಹಾರೈಕೆಯನ್ನು ಹೇಳಲು ಅನೇಕರು ಹಿಂಜರಿಯುತ್ತಾರೆ, ಏಕೆಂದರೆ ವಿಮಾನ ಮೇಲೇರುವುದು ಎದುರುಗಾಳಿಗೆ ಮುಖಮಾಡಿ. ಅದರ ಬದಲು ದಾರಿಯುದ್ದಕ್ಕೂ ಕ್ಷೇಮವಾಗಿರಿ ಎಂಬ ‘ಯಿ ಲು ಪಿಂಗ್ ಆನ್’ ಎಲ್ಲ ಪ್ರಯಾಣಕ್ಕೂ ಸಲ್ಲುತ್ತದೆ.

ಕೊನೆಯ ಹಂತ: ತಲುಪಿದ ಸುದ್ದಿ

ಮನೆ ಸೇರಿದ ಕೂಡಲೇ ಅತಿಥಿ ವೀಚಾಟ್‌ನಲ್ಲಿ ‘ತಲುಪಿದೆ’ ಎಂಬ ಒಂದು ಸಾಲು ಕಳುಹಿಸಬೇಕು. ಬಾರದಿದ್ದರೆ ಆತಿಥೇಯರೇ ವಿಚಾರಿಸಬೇಕು. ಧ್ವನಿ ಸಂದೇಶ ಬೇಡ. ಅಕ್ಷರದಲ್ಲಿರುವುದನ್ನು ಮಲಗಿದವರನ್ನು ಎಬ್ಬಿಸದೆ ಓದಿಕೊಳ್ಳಬಹುದು. ಊಟದ ಬಗೆಗಿನ ವಿವರವಾದ ಕೃತಜ್ಞತೆಯನ್ನು, ಸಾಧ್ಯವಾದರೆ ಮೇಜಿನಲ್ಲಿ ಮೆಚ್ಚಿದ ಒಂದು ಅಡುಗೆಯ ಹೆಸರು ಹೇಳಿ, ಮರುದಿನ ಬೆಳಿಗ್ಗೆ ತಿಳಿಸಿ.