ಸ್ಟ್ಯಾಕ್ ಓವರ್‌ಫ್ಲೋದಲ್ಲಿ ನಾನು ಹೆಸರು ಗಳಿಸಿದ ಬಗೆ

ಡೇಟಾಬೇಸ್ ಕೆಲಸದಲ್ಲಿರುವ ನಾನು ಹಲವು ವರ್ಷಗಳಿಂದ, ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣವಾದ ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶದ ಕುರಿತ ಪ್ರಶ್ನೆಗಳಿಗೆ ಉತ್ತರ ಬರೆಯುತ್ತಿದ್ದೇನೆ. ಅಲ್ಲಿ ಹೆಸರು ಗಳಿಸುವುದು ಹೇಗೆಂದು ಕಿರಿಯ ಸಹೋದ್ಯೋಗಿಗಳು ಆಗಾಗ ಕೇಳುವುದರಿಂದ ನಾನು ಹಿಡಿದ ದಾರಿಯನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಉತ್ತರಕ್ಕೆ ಒಂದು ಅಪ್‌ವೋಟ್ (ಮೆಚ್ಚುಗೆಯ ಮತ) ಬಂದರೆ 10 ಅಂಕ. ಪ್ರಶ್ನೆ ಕೇಳಿದವರೇ ಅದನ್ನು ಒಪ್ಪಿಕೊಂಡರೆ ಇನ್ನೂ 15. ಡೌನ್‌ವೋಟ್ (ವಿರುದ್ಧ ಮತ) ಬಿದ್ದರೆ 2 ಅಂಕ ಹೋಗುತ್ತದೆ. ಬೇರೆಯವರ ಉತ್ತರಕ್ಕೆ ಡೌನ್‌ವೋಟ್ ಹಾಕುವವರೂ ತಮ್ಮ ಗಂಟಿನಿಂದ 1 ಅಂಕ ತೆರಬೇಕೆಂಬ ನಿಯಮ ನನಗೆ ಬಹಳ ನ್ಯಾಯವಾಗಿ ಕಾಣುತ್ತದೆ. ಅಂಕ ಏರಿದಂತೆ ಅಧಿಕಾರವೂ ಬರುತ್ತದೆ: 50 ಮುಟ್ಟಿದವರು ಎಲ್ಲಿ ಬೇಕಾದರೂ ಕಾಮೆಂಟ್ ಮಾಡಬಹುದು, 2,000 ಮುಟ್ಟಿದವರು ಯಾರ ಒಪ್ಪಿಗೆಗೂ ಕಾಯದೆ ಇತರರ ಬರಹವನ್ನು ತಿದ್ದಬಹುದು. ಆದರೆ ಈ ಲೆಕ್ಕಕ್ಕೆ ಉತ್ತರದ ಹಿಂದಿನ ಶ್ರಮ ತಿಳಿಯುವುದಿಲ್ಲ. ಒಂದೇ ಮಾಹಿತಿಯನ್ನು ಇಬ್ಬರು ಏಕಕಾಲಕ್ಕೆ ಬದಲಿಸದಂತೆ ತಡೆಯುವ ಲಾಕ್‌ಗಳ ಬಗ್ಗೆ ಇಡೀ ಸಂಜೆ ಕೂತು ಬರೆದ ಉತ್ತರಕ್ಕೆ ಒಂದೆರಡು ವೋಟು ಬಂದು ನಿಲ್ಲುತ್ತದೆ. ಟೇಬಲ್‌ಗೆ ಕಾಲಂ ಸೇರಿಸುವುದು ಹೇಗೆಂಬ ಉತ್ತರಕ್ಕೆ ವರ್ಷಗಟ್ಟಲೆ ವೋಟು ಬೀಳುತ್ತಲೇ ಇರುತ್ತದೆ. ಆದ್ದರಿಂದ ಒಟ್ಟು ಮೊತ್ತದ ಹಿಂದೆ ಹೋಗದೆ, ಒಂದೇ ಟ್ಯಾಗ್‌ನಲ್ಲಿ (ಪ್ರಶ್ನೆಗಳನ್ನು ವಿಷಯವಾರು ವಿಂಗಡಿಸುವ ಗುರುತು) ನೆಲೆಯೂರಿ, ಆ ವಿಷಯ ಬಲ್ಲವರ ಮೆಚ್ಚುಗೆ ಗಳಿಸುವುದನ್ನೇ ಗುರಿಯಾಗಿಟ್ಟುಕೊಂಡೆ.

ಒಂದೇ ಕಡೆ ನಿಂತದ್ದರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳ ಪರಿಚಯವಾಯಿತು. ‘ಈ ಪಟ್ಟಿಯಲ್ಲಿ ಇಲ್ಲದವು’ ಎಂದು ಕೇಳುವ ‘ನಾಟ್ ಇನ್’ ಬಳಸಿದ ಕ್ವೆರಿ (ಡೇಟಾಬೇಸ್‌ಗೆ ಹಾಕುವ ಪ್ರಶ್ನೆ) ಒಂದು ಸಾಲನ್ನೂ ಕೊಡುತ್ತಿಲ್ಲ ಎಂಬ ದೂರು ಅಂಥದ್ದು. ಆ ಪಟ್ಟಿಯನ್ನು ಕೊಡುವ ಸಬ್‌ಕ್ವೆರಿಯ (ಒಳಗಿನ ಕ್ವೆರಿಯ) ಫಲಿತಾಂಶದಲ್ಲಿ ಒಂದೇ ಒಂದು ನಲ್ (ಮೌಲ್ಯವಿಲ್ಲದ ಖಾಲಿ ಜಾಗ) ಇದ್ದರೂ ಹೀಗಾಗುತ್ತದೆ, ಏಕೆಂದರೆ ನಲ್ ಜೊತೆ ಯಾವ ಮೌಲ್ಯವನ್ನು ಹೋಲಿಸಿದರೂ ಸಿಗುವ ಉತ್ತರ ಸರಿಯೂ ಅಲ್ಲ, ತಪ್ಪೂ ಅಲ್ಲ, ‘ಗೊತ್ತಿಲ್ಲ’ ಎಂಬುದು. ಸಾಲುಗಳನ್ನು ಆರಿಸುವ ‘ವೇರ್’ ಷರತ್ತಾದರೋ ಸರಿ ಎಂದು ಖಚಿತವಾದ ಸಾಲುಗಳನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಅದರ ಬದಲು, ನಲ್ ಇದ್ದರೂ ಎಡವದ ‘ನಾಟ್ ಎಕ್ಸಿಸ್ಟ್ಸ್’ ಬಳಸಿ ಎಂದು ಒಂದೇ ಮಾತಿನಲ್ಲಿ ಮುಗಿಸಿದ ಉತ್ತರಗಳು ಅಲ್ಲಿ ಮೊದಲೇ ಇದ್ದವು. ನಾನು ಮೂರು ಸಾಲಿನ ಪುಟ್ಟ ಟೇಬಲ್ ಸೃಷ್ಟಿಸುವ ಕೋಡ್ ಕೊಟ್ಟು, ಅದರಲ್ಲೊಂದು ನಲ್ ಇಟ್ಟು, ಎರಡೂ ಕ್ವೆರಿಗಳ ಫಲಿತಾಂಶವನ್ನು ಒಂದರ ಕೆಳಗೊಂದು ತೋರಿಸಿ, ಆಮೇಲೆ ಕಾರಣ ಬರೆದೆ. ಓದಿದವರು ಅದನ್ನು ತಮ್ಮ ಕಂಪ್ಯೂಟರಿನಲ್ಲೇ ಓಡಿಸಿ ನೋಡಬಹುದಿತ್ತು. ತಡವಾಗಿ ಬರೆದರೂ ಆ ಉತ್ತರ ನಿಧಾನವಾಗಿ ಮೇಲೇರಿತು. ಅದಕ್ಕಿಂತ ಹೆಚ್ಚಿನ ಸಂತೋಷ ಕೊಟ್ಟದ್ದೆಂದರೆ, ಅದೇ ಟ್ಯಾಗ್‌ನ ಹಿರಿಯರು ಹೊಸ ಪ್ರಶ್ನೆಗಳ ಕೆಳಗೆ ನನ್ನ ಉತ್ತರದ ಲಿಂಕ್ ಹಾಕತೊಡಗಿದ್ದು.

ಹಳೆಯ ಉತ್ತರಗಳನ್ನು ನೋಡಿಕೊಳ್ಳುವುದಕ್ಕೂ ನಾನು ಅಷ್ಟೇ ಸಮಯ ಕೊಡುತ್ತೇನೆ. ದೊಡ್ಡ ಟೇಬಲ್‌ಗೆ ಡಿಫಾಲ್ಟ್ (ಏನೂ ಕೊಡದಿದ್ದಾಗ ತಾನಾಗಿ ತುಂಬುವ) ಮೌಲ್ಯವಿರುವ ಕಾಲಂ ಸೇರಿಸಿದರೆ ಇಡೀ ಟೇಬಲ್ ಮತ್ತೆ ಬರೆಯಲ್ಪಡುತ್ತದೆ ಎಂಬ ಎಚ್ಚರಿಕೆ ಒಂದು ಕಾಲಕ್ಕೆ ಸರಿಯಾಗಿತ್ತು. 2018ರಲ್ಲಿ ಬಂದ ಪೋಸ್ಟ್‌ಗ್ರೆಸ್ 11ರಿಂದ, ಡಿಫಾಲ್ಟ್ ಸ್ಥಿರ ಮೌಲ್ಯವಾಗಿದ್ದರೆ, ಹಾಗೆ ಆಗುವುದಿಲ್ಲ. ಇಂಥ ಬದಲಾವಣೆ ಬಂದಾಗಲೆಲ್ಲ ನನ್ನ ಉತ್ತರಗಳಿಗೆ ಆವೃತ್ತಿಯ ಸಂಖ್ಯೆ ಸಹಿತ ತಿದ್ದುಪಡಿ ಸೇರಿಸುತ್ತೇನೆ. ಒಂದು ಟ್ಯಾಗ್‌ನಲ್ಲಿ ಕನಿಷ್ಠ 200 ಉತ್ತರ ಬರೆದು, ಅವಕ್ಕೆ 1,000 ಮತಗಳ ಮೊತ್ತ ಪಡೆದವರಿಗೆ ಚಿನ್ನದ ಬ್ಯಾಡ್ಜ್ ಸಿಗುತ್ತದೆ. ಅದಿದ್ದವರು ಪುನರಾವರ್ತಿತ ಪ್ರಶ್ನೆಯನ್ನು ಒಬ್ಬರೇ ಮುಚ್ಚಿ, ಕೇಳಿದವರನ್ನು ಹಳೆಯ ಒಳ್ಳೆಯ ಉತ್ತರದತ್ತ ಕಳಿಸಬಹುದು. ಈ ಕೆಲಸಕ್ಕೆ ಅಂಕವಿಲ್ಲ, ಆದರೆ ಟ್ಯಾಗ್‌ನ ನಿತ್ಯದ ಓದುಗರು ಇದನ್ನು ಗಮನಿಸುತ್ತಾರೆ.

2022ರ ಡಿಸೆಂಬರ್‌ನಲ್ಲಿ ಚಾಟ್‌ಜಿಪಿಟಿ ಬರೆದ ಉತ್ತರಗಳನ್ನು ಅಲ್ಲಿ ನಿಷೇಧಿಸಿದಾಗ ನಾನು ಮನಸಾರೆ ಒಪ್ಪಿದೆ. ಓಡಿಸಿ ನೋಡದ ಕೋಡನ್ನು ತನ್ನ ಹೆಸರಿನಲ್ಲಿ ಹಾಕುವವರನ್ನು ಮುಂದೆ ಯಾರು ನಂಬಿಯಾರು?

ರೆಸ್ಯುಮೆಯಲ್ಲಿ ನಾನು ಒಟ್ಟು ಅಂಕ ಬರೆಯುವುದಿಲ್ಲ, ಆಯ್ದ ಕೆಲವು ಉತ್ತರಗಳ ಲಿಂಕ್ ಕೊಡುತ್ತೇನೆ. ಸಂದರ್ಶನ ಮಾಡುವ ಸರದಿ ನನ್ನದಾದಾಗಲೂ ಅಭ್ಯರ್ಥಿಯ ಅಂಕ ನೋಡದೆ, ಅವರ ಉತ್ತರಗಳ ಕೆಳಗಿನ ಕಾಮೆಂಟುಗಳನ್ನು ಓದುತ್ತೇನೆ. ಯಾರೋ ಆಕ್ಷೇಪಿಸಿದಾಗ ಅಭ್ಯರ್ಥಿ ಏನು ಹೇಳಿದರು, ಉತ್ತರವನ್ನು ಹೇಗೆ ತಿದ್ದಿದರು ಎಂಬುದೆಲ್ಲ ಅಲ್ಲಿ ದಾಖಲಾಗಿರುತ್ತದೆ.