ಸ್ಲರಿಯನ್ನು ತೆಳ್ಳಗೆ ಮಾಡದೆ ಕಣ ಅಳೆದಿದ್ದು: ಅಲ್ಟ್ರಾಸೌಂಡ್ ಜೊತೆ ನನ್ನ ಅನುಭವ

ಅಲ್ಯುಮಿನಾ ಸ್ಲರಿಯನ್ನು (ಸೆರಾಮಿಕ್ ಪುಡಿಯನ್ನು ನೀರಲ್ಲಿ ಕಲಸಿದ ದ್ರವ) ಅಚ್ಚಿಗೆ ಹೊಯ್ದು ಮಾಡಿದ ತುಂಡುಗಳು ಒಣಗುವಾಗ ಬಿರುಕು ಬಿಡುತ್ತಿದ್ದವು. ಲೇಸರ್ ಯಂತ್ರದಲ್ಲಿ ನೋಡಿದರೆ ಕಣದ ಗಾತ್ರ ಸರಿಯಾಗೇ ಇದೆ. ಎರಡು ವಾರ ಇದರಲ್ಲೇ ಹೋಯಿತು. ಆಮೇಲೆ ಹೊಳೆಯಿತು, ಲೇಸರಿಗೆ ಬೆಳಕು ಹಾಯಬೇಕಲ್ವಾ, ಅದಕ್ಕೆ ಹಾಲಿನಂಥ ಸ್ಲರಿಗೆ ಸಿಕ್ಕಾಪಟ್ಟೆ ನೀರು ಬೆರೆಸಿ ಕಲಕುತ್ತೇವೆ, ಅಷ್ಟರಲ್ಲಿ ಅಂಟಿಕೊಂಡಿದ್ದ ಗಂಟುಗಳು ಬಿಟ್ಟುಕೊಂಡಿರುತ್ತವೆ. ನಾನು ಅಳೆಯುತ್ತಿದ್ದದ್ದು ಅಚ್ಚಿಗೆ ಹೋಗುವ ಸ್ಲರಿಯನ್ನಲ್ಲ!

ಅಲ್ಟ್ರಾಸೌಂಡ್ ಅಂದರೆ ಕಿವಿಗೆ ಕೇಳದ ಶಬ್ದ, ಅದಕ್ಕೆ ಆ ತೊಂದರೆ ಇಲ್ಲ, ಗಟ್ಟಿ ಸ್ಲರಿಯಲ್ಲೂ ಹಾಯುತ್ತದೆ. ನೀರು ಹಿಂದೆ ಮುಂದೆ ಅಲುಗುವಾಗ ಭಾರದ ಕಣ ಅದರ ಜೊತೆ ಅಷ್ಟೇ ಅಲುಗಲಾರದು, ಆ ತಿಕ್ಕಾಟದಲ್ಲಿ ಶಬ್ದ ಸವೆಯುತ್ತದೆ. ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಸವೆಯಿತು ಅನ್ನುವುದರಿಂದ ಗಾತ್ರ ಲೆಕ್ಕ ಹಾಕಬಹುದು. ನಮ್ಮ ಯಂತ್ರ 3ರಿಂದ 100 ಮೆಗಾಹರ್ಟ್ಸ್ ತನಕ ಓಡುತ್ತದೆ.

ಮೊದಲು ಬರೀ ನೀರು ಹಾಕಿ ನೋಡಿ. 10 ಮೆಗಾಹರ್ಟ್ಸ್‌ನಲ್ಲಿ ಸೆಂಟಿಮೀಟರಿಗೆ ಸುಮಾರು 0.2 ಡೆಸಿಬೆಲ್ ಸವೆತ ಬರಬೇಕು. ಬರದಿದ್ದರೆ ಸ್ಲರಿ ಹಾಕಲೇಬೇಡಿ.

ನನ್ನನ್ನು ಜಾಸ್ತಿ ಕಾಡಿದ್ದು ಗಾಳಿಗುಳ್ಳೆ. ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆ ಇದ್ದರೂ ಸಾಕು, ಕೆಳಗಿನ ಫ್ರೀಕ್ವೆನ್ಸಿಗಳಲ್ಲಿ ಶಬ್ದವನ್ನು ನುಂಗಿಹಾಕುತ್ತದೆ, ಸಾಫ್ಟ್‌ವೇರ್ ಅದನ್ನು ದೊಡ್ಡ ಕಣ ಎಂದುಕೊಳ್ಳುತ್ತದೆ. ಸ್ಟರರ್ ಜೋರಾಗಿ ತಿರುಗಿ ಮಧ್ಯೆ ಸುಳಿ ಬಿದ್ದರೆ ಅಲ್ಲಿಂದಲೇ ಗಾಳಿ ಒಳಗೆ ಹೋಗುತ್ತದೆ. ಈಗ ವ್ಯಾಕ್ಯೂಮಿನಲ್ಲಿ ಗಾಳಿ ತೆಗೆದು, ನಿಧಾನ ಕಲಕುತ್ತಾ, ಒಂದೇ ಸ್ಯಾಂಪಲ್ ಮೂರು ಸಲ ಅಳೆಯುತ್ತೇನೆ. ಗುಳ್ಳೆ ಇದ್ದರೆ ಗ್ರಾಫಿನ ಮೂರೂ ಗೆರೆ ಒಂದರ ಮೇಲೊಂದು ಕೂರುವುದಿಲ್ಲ.

ಇನ್ನೊಂದು ತಪ್ಪು ಪೂರ್ತಿ ನನ್ನದೇ. ತೂಕದಲ್ಲಿ ನೂರಕ್ಕೆ 40 ಪಾಲು ಅಲ್ಯುಮಿನಾ ಇದ್ದ ಸ್ಲರಿಗೆ ಸಾಫ್ಟ್‌ವೇರಿನಲ್ಲಿ ಸುಮ್ನೆ 40 ಎಂದೇ ತುಂಬಿದ್ದೆ. ಅದು ಕೇಳುವುದು ಘನಗಾತ್ರದ ಪಾಲು, ಅಂದರೆ ಸ್ಲರಿಯಲ್ಲಿ ಪುಡಿ ಹಿಡಿಯುವ ಜಾಗ. ಅಲ್ಯುಮಿನಾ ಸಾಂದ್ರತೆ ಸಿಸಿಗೆ 3.95 ಗ್ರಾಂ ಎಂದು ಹಿಡಿದರೆ ಅದು ನೂರಕ್ಕೆ 14ರ ಆಸುಪಾಸು ಅಷ್ಟೇ. ಉಷ್ಣತೆಯೂ ಒಂದೇ ಕಡೆ ನಿಲ್ಲಬೇಕು, ನಾನು 25 ಡಿಗ್ರಿಗೆ ಕಟ್ಟಿಹಾಕಿದ್ದೇನೆ. ನೀರು ಬಿಸಿಯಾದಂತೆ ಅದರ ಸ್ನಿಗ್ಧತೆ ಇಳಿಯುತ್ತದೆ, ಶಬ್ದ ಸವೆಯುವ ರೀತಿಯೇ ಬದಲಾಗುತ್ತದೆ.

ಇಷ್ಟೆಲ್ಲ ಸರಿಮಾಡಿಕೊಂಡ ಮೇಲೆ ಅಳೆದಾಗ ಲೇಸರ್ ಹೇಳಿದ್ದಕ್ಕಿಂತ ಎರಡು ಪಟ್ಟು ದೊಡ್ಡ ಕಣಗಳು ಕಂಡವು. ಅವೇ ಗಂಟುಗಳು. ಕಣಗಳು ಅಂಟಿಕೊಳ್ಳದಂತೆ ಬಿಡಿಸಿಡುವ ಡಿಸ್ಪರ್ಸೆಂಟ್ ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಪ್ರತಿ ಸಲ ಅಳೆದೆ. ನಾಲ್ಕನೇ ಸಲಕ್ಕೆ ಗಾತ್ರ ಇಳಿದು ನಿಂತಿತು, ಆ ಸ್ಲರಿಯಲ್ಲಿ ಹೊಯ್ದ ತುಂಡುಗಳು ಬಿರುಕಿಲ್ಲದೆ ಒಣಗಿದವು.